ಹೆರಾಲ್ಡ್ ಕಾರನ್ನು ಬಿಡಿಸಿದ ಮಿಕೆಲೊಟ್ಟಿ

ಸಂಜೆ ಕಾಲೇಜು ಬಿಡುವ ಹೊತ್ತಿಗೆ ಗೇಟಿನ ಹೊರಗೆ ನಿಲ್ಲುವ ಕಾರುಗಳನ್ನು ನೀವೂ ನೋಡಿರುತ್ತೀರಿ. ಹೆಚ್ಚಿನವು ಮನೆಮಂದಿ ಓಡಾಡುವ ಸಣ್ಣ ಕಾರುಗಳು. ಆದರೆ ಹಿಂದಿನ ಗಾಜಿನ ಮೇಲೆ ಸ್ಪಾಯ್ಲರ್, ಬದಿಗೆ ಕೆಂಪು ಪಟ್ಟಿ, ಕಪ್ಪು ಬಣ್ಣದ ಟಾಪ್, ಬಂಪರಿನಲ್ಲಿ ಸೈಲೆನ್ಸರ್ ಬಾಯಿಯಂತೆ ಕಾಣುವ ಎರಡು ಪ್ಲಾಸ್ಟಿಕ್ ಬಳೆ. ಹೊರಗಿನಿಂದ ನೋಡಿದರೆ ರೇಸಿಗೆ ಹೊರಟ ಗತ್ತು. ಒಳಗೆ ನೋಡಿದರೆ ಒಬ್ಬ ಅಜ್ಜಿ, ಎರಡು ಮಕ್ಕಳು, ಕಾಲ ಬುಡದಲ್ಲಿ ಒಂದು ಚೀಲ ಬೂತಾಯಿ ಮೀನು.

ಮನೆಯ ಕಾರಿಗೆ ಸ್ಪೋರ್ಟ್ಸ್ ಕಾರಿನ ಕಳೆ ಕೊಡುವುದು ಇವತ್ತಿನ ಉಪಾಯವಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ ಈ ದೇಶದಲ್ಲಿ ಕಾರು ಕೊಳ್ಳುವವರಿಗೆ ಹೆಚ್ಚುಕಡಿಮೆ ಮೂರೇ ಆಯ್ಕೆ ಇದ್ದವು: ಕಲ್ಕತ್ತ ಕಡೆಯ ಅಂಬಾಸಿಡರ್, ಮುಂಬಯಿಯ ಫಿಯಟ್, ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಮೊದಲಿನ ಎರಡರ ಹೆಸರು ಎಲ್ಲರಿಗೂ ಗೊತ್ತು. ಮೂರನೆಯದು ಮರೆತುಹೋಗಿದೆ. ನಮ್ಮ ಬ್ಲಾಕಿನಲ್ಲಿ ಹಿಂದೆ ಡ್ರೈವರ್ ಆಗಿದ್ದ ಒಬ್ಬ ಹಿರಿಯರಿದ್ದಾರೆ. ಬಂದರಿಗಾಗಿ ಪಣಂಬೂರಿನ ಜಾಗ ಬಿಟ್ಟು ಕಾಟಿಪಳ್ಳಕ್ಕೆ ಬಂದ ಮನೆಯವರು. ಹೆರಾಲ್ಡ್ ಎಂದ ಕೂಡಲೇ ಅವರು ಎರಡು ಕೈ ಮುಂದೆ ಚಾಚಿ, ಬಾನೆಟ್ಟನ್ನು ಮೊಸಳೆಯ ಬಾಯಿಯಂತೆ ಮೇಲೆತ್ತಿ ತೋರಿಸಿದರು. ಆ ಕಾರಿನ ಬಾನೆಟ್, ಎರಡು ಮಡ್‌ಗಾರ್ಡ್, ಹೆಡ್‌ಲೈಟ್ ಎಲ್ಲ ಒಟ್ಟಿಗೆ ಮುಂದಕ್ಕೆ ಮಗುಚಿಕೊಳ್ಳುತ್ತಿತ್ತಂತೆ. ಎಂಜಿನ್ ಕೆಲಸ ಮಾಡುವಾಗ ಮುಂದಿನ ಟಯರಿನ ಮೇಲೆಯೇ ಕುಳಿತುಕೊಳ್ಳಬಹುದಿತ್ತಂತೆ.

ಆ ಕಾರನ್ನು ಬಿಡಿಸಿದವರು ಇಟಲಿಯ ಜಿಯೊವಾನಿ ಮಿಕೆಲೊಟ್ಟಿ. ಈ ಲೇಖನ ಅವರ ಬಗ್ಗೆ.

ಮಿಕೆಲೊಟ್ಟಿ ಹುಟ್ಟಿದ್ದು 1921ರ ಅಕ್ಟೋಬರ್ 6ರಂದು, ಟುರಿನ್ ನಗರದಲ್ಲಿ. ಟುರಿನ್ ಎಂದರೆ ಫಿಯಟ್ ಕಂಪನಿಯ ಊರು. ಅಲ್ಲಿ ಕಾರು ಕಟ್ಟುವ ಕೆಲಸ ಎರಡು ಪಾಲಾಗಿತ್ತು. ಒಂದು ಕಂಪನಿ ಎಂಜಿನ್, ಚಕ್ರ, ಚಾಸಿಸ್ ಮಾಡುತ್ತಿತ್ತು. ಅದರ ಮೇಲಿನ ತಗಡಿನ ಮೈಯನ್ನು ಬೇರೆ ವರ್ಕ್‌ಶಾಪಿನವರು ಬಡಿದು ಕೂರಿಸುತ್ತಿದ್ದರು. ನಮಗೆ ಇದು ಅರ್ಥವಾಗದ ವಿಷಯವೇನಲ್ಲ. ನಮ್ಮ ಬಸ್ಸುಗಳೂ ಹಾಗೆಯೇ. ಚಾಸಿಸ್ ದೊಡ್ಡ ಕಂಪನಿಯದು, ಬಾಡಿ ಕಟ್ಟುವವರು ಬೇರೆ. ಡ್ರೈವರ್ ಸೀಟಿಲ್ಲದ ಬರೇ ಚಾಸಿಸ್ ಮೇಲೆ ಹೆಲ್ಮೆಟ್ ಹಾಕಿ ಕುಳಿತು ಹೆದ್ದಾರಿಯಲ್ಲಿ ಓಡಿಸಿಕೊಂಡು ಹೋಗುವವರನ್ನು ಸುರತ್ಕಲ್ಲಿನಲ್ಲಿ ನಿಂತರೆ ಒಮ್ಮೆಯಾದರೂ ನೋಡಬಹುದು. ಟುರಿನ್ನಿನಲ್ಲಿ ಆ ಬಾಡಿ ಕಟ್ಟುವ ಕೆಲಸ ಒಂದು ಕಲೆಯಾಗಿ ಬೆಳೆದಿತ್ತು.

ಹದಿಹರೆಯದಲ್ಲೇ, ಅಂದರೆ ಹೆಚ್ಚುಕಡಿಮೆ ನಮ್ಮ ವಯಸ್ಸಿನಲ್ಲಿ, ಮಿಕೆಲೊಟ್ಟಿ ಅಂಥ ಒಂದು ವರ್ಕ್‌ಶಾಪಿಗೆ ಕೆಲಸ ಕಲಿಯಲು ಸೇರಿದರು. ಅದರ ಹೆಸರು ಸ್ಟಾಬಿಲಿಮೆಂಟಿ ಫರೀನಾ. ಮುಂದೆ ಫೆರಾರಿ ಕಾರುಗಳಿಂದ ಪ್ರಸಿದ್ಧರಾದ ಪಿನಿನ್ ಫರೀನಾ ಅವರ ಅಣ್ಣ ನಡೆಸುತ್ತಿದ್ದ ಸಂಸ್ಥೆ ಅದು. ಯುದ್ಧ ಮುಗಿದು ಕೆಲವು ವರ್ಷಗಳಾದ ಮೇಲೆ, 1949ರಲ್ಲಿ, ಅವರು ಸ್ವಂತ ಸ್ಟುಡಿಯೊ ತೆರೆದರು. ಅವರಲ್ಲಿ ಕಾರ್ಖಾನೆ ಇರಲಿಲ್ಲ, ತಗಡು ಬಡಿಯುವ ಯಂತ್ರ ಇರಲಿಲ್ಲ. ಬಂಡವಾಳ ಎಂದರೆ ಕಾಗದ, ಪೆನ್ಸಿಲ್ ಮತ್ತು ಕೈ. ಕಾಮರ್ಸ್ ಪಾಠದಲ್ಲಿ ಸೇವಾ ಉದ್ಯಮಕ್ಕೆ ಉದಾಹರಣೆ ಕೇಳಿದರೆ ನಾನು ಇನ್ನು ಮುಂದೆ ಇವರ ಹೆಸರನ್ನೇ ಬರೆಯುತ್ತೇನೆ.

ಕೆಲಸ ಬೇಕಾದಷ್ಟು ಬಂತು. ವಿನ್ಯಾಲೆ, ಅಲೆಮಾನೊ, ಗಿಯಾ, ಬೆರ್ಟೋನೆ ಹೀಗೆ ಪೈಪೋಟಿಯಲ್ಲಿದ್ದ ವರ್ಕ್‌ಶಾಪುಗಳಿಗೆಲ್ಲ ಅವರು ಬಿಡಿಸಿಕೊಟ್ಟರು. ಟುರಿನ್ ಮೋಟಾರು ಪ್ರದರ್ಶನದಲ್ಲಿ ಅಕ್ಕಪಕ್ಕದ ಮಳಿಗೆಗಳಲ್ಲಿ ಒಂದಕ್ಕೊಂದು ಸ್ಪರ್ಧೆ ಎಂಬಂತೆ ನಿಂತ ಕಾರುಗಳಲ್ಲಿ ಹಲವು ಒಂದೇ ಕೈಯಿಂದ ಬಂದವುಗಳಾಗಿದ್ದವು. ಕಾರಿನ ಮೇಲೆ ಮಾತ್ರ ವರ್ಕ್‌ಶಾಪಿನ ಹೆಸರು ಇರುತ್ತಿತ್ತು, ಅವರದ್ದಲ್ಲ. 1951ರಲ್ಲಿ ಇಟಲಿಯ ಮಿಲ್ಲೆ ಮಿಲಿಯಾ ಎಂಬ ದೊಡ್ಡ ರಸ್ತೆ ರೇಸನ್ನು ಗೆದ್ದ ಫೆರಾರಿಗೆ ಮೈ ಕಟ್ಟಿದ್ದು ವಿನ್ಯಾಲೆ. ಅದರ ಗೆರೆಗಳು ಮಿಕೆಲೊಟ್ಟಿಯವು. ಅವರು ಬಿಡಿಸಿದ ಕಾರುಗಳ ಲೆಕ್ಕ ಒಂದು ಸಾವಿರವನ್ನು ದಾಟುತ್ತದೆ.

ಹೀಗೆ ಅವರು ಕಲಿತದ್ದು ಶ್ರೀಮಂತರ ಸ್ಪೋರ್ಟ್ಸ್ ಕಾರುಗಳ ಮೇಲೆ. ಮನೆಮಂದಿಯ ಕಾರಿಗೆ ಅವರನ್ನು ತಂದದ್ದು ಇಂಗ್ಲೆಂಡಿನ ಒಂದು ಕಂಪನಿಯ ಕಷ್ಟ.

ಕೊವೆಂಟ್ರಿಯ ಸ್ಟ್ಯಾಂಡರ್ಡ್ ಟ್ರಯಂಫ್ ಕಂಪನಿಗೆ 1950ರ ದಶಕದ ಮಧ್ಯದಲ್ಲಿ ಒಂದು ಹೊಸ ಸಣ್ಣ ಕಾರು ಬೇಕಾಗಿತ್ತು. ಆದರೆ ಕಾರಿನ ಮೈಯನ್ನು ಒತ್ತಿ ಕೊಡುತ್ತಿದ್ದ ಫಿಶರ್ ಆ್ಯಂಡ್ ಲಡ್ಲೊ ಎಂಬ ಸಂಸ್ಥೆಯನ್ನು 1953ರಲ್ಲಿ ಅವರ ಎದುರಾಳಿ ಬಿಎಂಸಿ ಕಂಪನಿ ಕೊಂಡುಬಿಟ್ಟಿತ್ತು. ಸಾಮಾನು ಕೊಡುವವನನ್ನೇ ಎದುರಂಗಡಿಯವನು ಕೊಂಡರೆ ನಮ್ಮ ಗತಿ ಏನಾಗುತ್ತದೋ ಅದೇ ಆಯಿತು. ಆಗ ಎಲ್ಲರೂ ಚಾಸಿಸ್ ಮತ್ತು ಬಾಡಿ ಒಂದೇ ಆಗಿರುವ ಕಾರುಗಳ ಕಡೆಗೆ ಹೋಗುತ್ತಿದ್ದರು. ಅಂಥ ದೊಡ್ಡ ಬಾಡಿಯನ್ನು ಇವರಿಗೆ ಒತ್ತಿ ಕೊಡುವವರು ಸಿಗಲಿಲ್ಲ. ಹಾಗಾಗಿ ಹಳೆಯ ಕಾಲದಂತೆ ಪ್ರತ್ಯೇಕ ಚಾಸಿಸ್ ಮಾಡಿ, ಸಣ್ಣ ಸಣ್ಣ ತುಂಡುಗಳನ್ನು ಬೇರೆ ಬೇರೆ ಕಡೆ ಒತ್ತಿಸಿ, ಬೋಲ್ಟ್ ಹಾಕಿ ಜೋಡಿಸುವುದೆಂದು ತೀರ್ಮಾನವಾಯಿತು. ಬೇರೆ ದಾರಿ ಇಲ್ಲದೆ ಮಾಡಿದ ಈ ತೀರ್ಮಾನ ಮುಂದೆ ಎಲ್ಲೆಲ್ಲಿಗೆ ಹೋಗಿ ಮುಟ್ಟಿತು ಎಂಬುದು ನನಗೆ ಈ ಕಥೆಯಲ್ಲಿ ಅತ್ಯಂತ ಇಷ್ಟವಾದ ಭಾಗ.

ಚಾಸಿಸ್ ಏನೋ ಆಯಿತು, ರೂಪ ಮಾತ್ರ ಕೂಡಿಬರಲಿಲ್ಲ. ಕಂಪನಿಯೊಳಗೆ ಮಾಡಿದ ಮಾದರಿಗಳು ಯಾರಿಗೂ ಹಿಡಿಸಲಿಲ್ಲ. ಅಷ್ಟರಲ್ಲಿ ಈಜಿಪ್ಟಿನಲ್ಲಿ ಮೋಟಾರು ವ್ಯಾಪಾರವಿದ್ದ ರೇಮಂಡ್ ಫ್ಲವರ್ ಎಂಬವರು ಕಂಪನಿಯವರ ಬಳಿ ಬಂದು, ತನಗೆ ಕಡಿಮೆ ಖರ್ಚಿನಲ್ಲಿ, ಕೆಲವೇ ತಿಂಗಳಲ್ಲಿ ಹೊಸ ಕಾರಿನ ಮಾದರಿ ಮಾಡಿಸಿ ಕೊಡುವ ದಾರಿ ಗೊತ್ತಿದೆ ಎಂದರು. ಕಂಪನಿಯವರು ನಂಬಲಿಲ್ಲ. ಪರೀಕ್ಷೆಗೆಂದು ತಮ್ಮ ಟಿಆರ್3 ಸ್ಪೋರ್ಟ್ಸ್ ಕಾರಿನ ಚಾಸಿಸ್ ಕೊಟ್ಟು ಕಳುಹಿಸಿದರು. ಅದು ವಿನ್ಯಾಲೆ ವರ್ಕ್‌ಶಾಪಿನಲ್ಲಿ ಹೊಸ ಮೈ ತೊಟ್ಟು 1957ರ ಜಿನೀವಾ ಪ್ರದರ್ಶನದಲ್ಲಿ ನಿಂತಿತು. ಫ್ಲವರ್ ಮುಚ್ಚಿಟ್ಟಿದ್ದ ಹೆಸರು ಮಿಕೆಲೊಟ್ಟಿ ಎಂದು ಗೊತ್ತಾದ ಮೇಲೆ ಕಂಪನಿಯ ಮುಖ್ಯ ಎಂಜಿನಿಯರ್ ಹ್ಯಾರಿ ವೆಬ್‌ಸ್ಟರ್ ನೇರವಾಗಿ ಅವರ ಜೊತೆ ಒಪ್ಪಂದ ಮಾಡಿಕೊಂಡರು. ಮಧ್ಯವರ್ತಿಯ ಕೆಲಸ ಅಲ್ಲಿಗೆ ಮುಗಿಯಿತು.

ವೆಬ್‌ಸ್ಟರ್ ಟುರಿನ್ನಿಗೆ ಹೋಗಿದ್ದಾಗ ಒಂದು ರಾತ್ರಿ ಮಿಕೆಲೊಟ್ಟಿ ಕೆಲವೇ ನಿಮಿಷಗಳಲ್ಲಿ ಗೀಚಿದ ಚಿತ್ರವೇ ಹೆರಾಲ್ಡ್ ಆಯಿತು ಎಂಬ ಕಥೆ ಟ್ರಯಂಫ್ ಪ್ರಿಯರ ನಡುವೆ ಪ್ರಸಿದ್ಧ. ಕಥೆಯಲ್ಲಿ ಸ್ವಲ್ಪ ಉಪ್ಪುಖಾರ ಸೇರಿರಬಹುದು. ಆದರೆ ಒಂದು ಮಾತು ನಿಜ: ಅಲ್ಲಿಂದ ಬಂದ ಮೊದಲ ಮಾದರಿ ನಾಲ್ಕು ಜನ ಕುಳಿತುಕೊಳ್ಳುವ ಸಾಧಾರಣ ಕಾರಾಗಿರಲಿಲ್ಲ. ಅದು ಇಳಿಜಾರು ಹಿಂಭಾಗದ, ಚುರುಕು ಕೂಪೆ. ಅಂದರೆ ಆ ಕೈ ಮೊದಲು ಎಳೆದದ್ದು ಸ್ಪೋರ್ಟ್ಸ್ ಕಾರಿನ ಗೆರೆ. ಮನೆಮಂದಿಗೆ ಬೇಕಾದ ಉದ್ದ ಟಾಪು, ಡಿಕ್ಕಿ ಅದರ ಮೇಲೆ ಬಂದವು.

1959ರ ಏಪ್ರಿಲ್‌ನಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಹೆರಾಲ್ಡ್ ಹೊರಬಂತು. ಅದರಲ್ಲಿ ಸ್ಪೋರ್ಟ್ಸ್ ಕಾರಿನಿಂದ ಬಂದದ್ದು ಏನೇನು ಎಂದು ನೋಡಿದರೆ ಇವತ್ತಿನ ಕೆಂಪು ಪಟ್ಟಿಗೂ ಅದಕ್ಕೂ ಇರುವ ಅಂತರ ತಿಳಿಯುತ್ತದೆ. ಪೂರ್ತಿ ಮಗುಚುವ ಮುಂಭಾಗ ರೇಸಿನ ಕಾರುಗಳಲ್ಲಿ ಇರುವಂಥದ್ದು. ಇಲ್ಲಿ ಅದು ಮೆಕ್ಯಾನಿಕನ ಬೆನ್ನು ಉಳಿಸಿತು. ನಾಲ್ಕೂ ಚಕ್ರಗಳಿಗೆ ಸ್ವತಂತ್ರ ಸಸ್ಪೆನ್ಶನ್. ತೆಳು ಕಂಬಗಳು, ದೊಡ್ಡ ಗಾಜುಗಳು, ಆದ್ದರಿಂದ ಸುತ್ತ ಎಲ್ಲ ಕಡೆ ಕಾಣಿಸುತ್ತಿತ್ತು. ಮುಂದಿನ ಚಕ್ರ ಎಷ್ಟು ತಿರುಗುತ್ತಿತ್ತೆಂದರೆ 25 ಅಡಿ ಅಗಲದಲ್ಲಿ ಕಾರು ಪೂರ್ತಿ ತಿರುಗಿ ನಿಲ್ಲುತ್ತಿತ್ತು. ನಮ್ಮ ಬ್ಲಾಕಿನ ಒಳರಸ್ತೆಗಳಲ್ಲಿ ಹಿಂದೆ ಮುಂದೆ ಮಾಡಿ ಬೆವರುವವರಿಗೆ ಇದರ ಬೆಲೆ ಗೊತ್ತು. ಹಿಂದಿನ ಮೂಲೆಗಳಲ್ಲಿದ್ದ ಸಣ್ಣ ರೆಕ್ಕೆಗಳು ಮಾತ್ರ ಬರೀ ಶೋಕಿ. ಅಷ್ಟು ಮಾಫಿ ಮಾಡಬಹುದು.

ದೋಷ ಇರಲಿಲ್ಲವೆಂದಲ್ಲ. ಹಿಂದಿನ ಚಕ್ರಗಳಿಗೆ ಹಾಕಿದ್ದ ಸ್ವಿಂಗ್ ಆ್ಯಕ್ಸಲ್ ಅಗ್ಗದ ವ್ಯವಸ್ಥೆ. ತಿರುವಿನಲ್ಲಿ ವೇಗವಾಗಿ ಹೋಗುತ್ತಾ ತಟ್ಟನೆ ಆ್ಯಕ್ಸಿಲರೇಟರ್ ಬಿಟ್ಟರೆ ಚಕ್ರ ಒಳಮುಖವಾಗಿ ಮಡಚಿಕೊಂಡು ಕಾರಿನ ಹಿಂಭಾಗ ಜಾರುತ್ತಿತ್ತು. ನೋಟ ಚುರುಕಾಗಿದ್ದರೆ ಜನ ಚುರುಕಾಗಿಯೇ ಓಡಿಸುತ್ತಾರೆ, ಆಗ ಅಡಿಯಲ್ಲಿರುವುದೂ ಅದಕ್ಕೆ ತಕ್ಕಂತೆ ಇರಬೇಕು.

ಈಗ ಆ ಪ್ರತ್ಯೇಕ ಚಾಸಿಸ್ ವಿಷಯಕ್ಕೆ ಬರುತ್ತೇನೆ. ಚಾಸಿಸ್ ಬೇರೆ ಇದ್ದದ್ದರಿಂದ ಅದರ ಮೇಲೆ ಬೇರೆ ಮೈ ಕೂರಿಸುವುದು ಸುಲಭ. ಟ್ರಯಂಫ್ ಕಂಪನಿ ಹೆರಾಲ್ಡಿನ ಚಾಸಿಸ್ಸನ್ನು ಮೋಟು ಮಾಡಿ, ಅದರ ಮೇಲೆ ಎರಡು ಸೀಟಿನ ತೆರೆದ ಸ್ಪೋರ್ಟ್ಸ್ ಕಾರು ಬಿಡಿಸಲು ಮಿಕೆಲೊಟ್ಟಿಗೆ ಹೇಳಿತು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಹೆರಾಲ್ಡಿನಲ್ಲಿ ತೊಂಬತ್ತೊಂದೂವರೆ ಇಂಚು, ಇದರಲ್ಲಿ 83 ಇಂಚು. ಮಾದರಿ ತಯಾರಾಯಿತು, ಆದರೆ ಕಂಪನಿಯ ಕೈಯಲ್ಲಿ ದುಡ್ಡು ಮುಗಿದಿತ್ತು. ಅದನ್ನು ಕಾರ್ಖಾನೆಯ ಮೂಲೆಗೆ ತಳ್ಳಿ ಬಟ್ಟೆ ಹೊದಿಸಿ ಬಿಟ್ಟರು. 1961ರಲ್ಲಿ ಲಾರಿ ಮಾಡುವ ಲೇಲ್ಯಾಂಡ್ ಕಂಪನಿ ಇಡೀ ಸಂಸ್ಥೆಯನ್ನು ಕೊಂಡಿತು. ನಮ್ಮ ಅಶೋಕ್ ಲೇಲ್ಯಾಂಡ್ ಹೆಸರಿನಲ್ಲಿರುವ ಲೇಲ್ಯಾಂಡೇ ಅದು. ಹೊಸ ಯಜಮಾನರ ಕಡೆಯವರು ಕಾರ್ಖಾನೆ ಸುತ್ತು ಹಾಕುವಾಗ ಬಟ್ಟೆಯಡಿ ಏನಿದೆ ಎಂದು ಎತ್ತಿ ನೋಡಿದರು. 1962ರ ಅಕ್ಟೋಬರಿನಲ್ಲಿ ಅದು ಟ್ರಯಂಫ್ ಸ್ಪಿಟ್‌ಫೈರ್ ಎಂಬ ಹೆಸರಿನಿಂದ ಮಾರಾಟಕ್ಕೆ ಬಂತು. 1980ರ ತನಕ ಮೂರು ಲಕ್ಷಕ್ಕೂ ಹೆಚ್ಚು ತಯಾರಾದವು.

ಗಮನಿಸಿ, ಇಲ್ಲಿ ಸಾಲ ತೆಗೆದುಕೊಂಡದ್ದು ಸ್ಪೋರ್ಟ್ಸ್ ಕಾರು, ಕೊಟ್ಟದ್ದು ಮನೆಯ ಕಾರು. ಚಾಸಿಸ್, ಸಸ್ಪೆನ್ಶನ್, ಸ್ಟಿಯರಿಂಗ್, ಮಗುಚುವ ಮುಂಭಾಗದ ಉಪಾಯ ಎಲ್ಲ ಹೆರಾಲ್ಡಿನದು. ಎಂಜಿನ್ನೂ ಅದೇ 1147 ಸಿಸಿ. ಆಗಿನ ಹೆರಾಲ್ಡ್ 1200ರಲ್ಲಿ 39 ಅಶ್ವಶಕ್ತಿ ಕೊಡುತ್ತಿದ್ದ ಆ ಎಂಜಿನ್ ಎರಡು ಕಾರ್ಬ್ಯುರೇಟರ್ ಮತ್ತು ಬೇರೆ ಕ್ಯಾಮ್ ಪಡೆದು ಸ್ಪಿಟ್‌ಫೈರಿನಲ್ಲಿ 63 ಕೊಟ್ಟಿತು. ಒಂದೇ ಮನೆಯ ಅಕ್ಕ ತಂಗಿಯರು. ಅಕ್ಕನಿಗೆ ಸಂಸಾರ, ತಂಗಿಗೆ ತಿರುಗಾಟ.

ಇದೇ ಸಮಯದಲ್ಲಿ ಜರ್ಮನಿಯಲ್ಲಿ ನಡೆದದ್ದನ್ನು ನಮ್ಮ ಬಿಸಿನೆಸ್ ಸ್ಟಡೀಸ್ ಪುಸ್ತಕಕ್ಕೆ ಸೇರಿಸಬಹುದು. ಬಿಎಂಡಬ್ಲ್ಯು ಎಂದರೆ ಈಗ ನಮ್ಮ ಊರಿನಲ್ಲೂ ದುಡ್ಡಿದ್ದವರ ಕಾರು. 1959ರಲ್ಲಿ ಆ ಕಂಪನಿ ಮುಳುಗುವ ಹಂತದಲ್ಲಿತ್ತು. ಒಂದು ಕಡೆ ದೊಡ್ಡ ದುಬಾರಿ ಕಾರುಗಳು, ಇನ್ನೊಂದು ಕಡೆ ಮೊಟ್ಟೆಯಂಥ ಇಸೆಟ್ಟಾ. ನಡುವೆ ಸಾಮಾನ್ಯ ಕುಟುಂಬ ಕೊಳ್ಳುವಂಥದ್ದು ಏನೂ ಇರಲಿಲ್ಲ. 507 ಎಂಬ ಅದ್ಭುತ ಸ್ಪೋರ್ಟ್ಸ್ ಕಾರನ್ನು ಮಾಡಿದ್ದರು. ಸುಮಾರು 250 ಮಾತ್ರ ತಯಾರಾಗಿ ನಷ್ಟಕ್ಕೆ ನಷ್ಟ ಸೇರಿತು. ಆಗ ವಿಯೆನ್ನಾದಲ್ಲಿ ಬಿಎಂಡಬ್ಲ್ಯು ಮಾರುತ್ತಿದ್ದ ವೋಲ್ಫ್‌ಗಾಂಗ್ ಡೆನ್‌ಸೆಲ್ ಮಿಕೆಲೊಟ್ಟಿಯಿಂದ ಒಂದು ಸಣ್ಣ ಕೂಪೆ ಬಿಡಿಸಿ ತಂದು ಕಂಪನಿಗೆ ತೋರಿಸಿದರು. ಹಿಂದೆ ಕೂರಿಸಿದ್ದು ಬೈಕಿನ ವಂಶದ ಎರಡು ಸಿಲಿಂಡರಿನ 697 ಸಿಸಿ ಎಂಜಿನ್. ಮೇಲೆ ನೋಡಿದರೆ ಬೆಲೆ ಜಾಸ್ತಿ ಇರಬೇಕು ಎನ್ನಿಸುವ ಅಂದ. ಕಂಪನಿಯ ಎಂಜಿನಿಯರುಗಳು ತಿದ್ದಿ ತೀಡಿ ಅದರಿಂದ ಕೂಪೆ ಮತ್ತು ಕುಟುಂಬದ ಕಾರು ಎರಡನ್ನೂ ಮಾಡಿದರು. ಬಿಎಂಡಬ್ಲ್ಯು 700 ಎಂದು ಹೆಸರು. ಆ ವರ್ಷದ ಸೆಪ್ಟೆಂಬರಿನಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಜನ ಮುಗಿಬಿದ್ದರು.

ಡಿಸೆಂಬರ್ 9ರಂದು ಕಂಪನಿಯ ಷೇರುದಾರರ ಸಭೆ. ಕಂಪನಿಯನ್ನು ಮರ್ಸಿಡಿಸ್ ಮಾಡುವ ಡೈಮ್ಲರ್ ಬೆನ್ಸ್‌ಗೆ ಒಪ್ಪಿಸುವ ಪ್ರಸ್ತಾಪ ಮುಂದಿತ್ತು. ಸಣ್ಣ ಷೇರುದಾರರು ಎದ್ದು ನಿಂತರು. ಹೊಸ ಕಾರಿಗೆ ಬೇಡಿಕೆ ಇರುವಾಗ ಕಂಪನಿಯನ್ನು ಹೀಗೆ ಬಿಟ್ಟುಕೊಡುವುದೇಕೆ ಎಂಬುದು ಅವರ ವಾದ. ಪ್ರಸ್ತಾಪ ಬಿದ್ದುಹೋಯಿತು. ಆಮೇಲೆ ಹರ್ಬರ್ಟ್ ಕ್ವಾಂಟ್ ಹಣ ಹಾಕಿದರು, ಕಂಪನಿ ಉಳಿಯಿತು. 700 ಒಟ್ಟು ಒಂದು ಲಕ್ಷ 88 ಸಾವಿರ ಮಾರಾಟವಾಯಿತು. ವೇಷ ಮಾತ್ರವೂ ಅಲ್ಲ: 1960ರಲ್ಲಿ ಹ್ಯಾನ್ಸ್ ಸ್ಟುಕ್ ಎಂಬ ಹಿರಿಯ ಓಟಗಾರ, ಅರವತ್ತರ ಹೊಸ್ತಿಲಲ್ಲಿ, ಇದೇ ಸಣ್ಣ ಕಾರಿನಲ್ಲಿ ಜರ್ಮನಿಯ ಬೆಟ್ಟದ ರಸ್ತೆ ರೇಸಿನ ಚಾಂಪಿಯನ್ ಆದರು. ಷೇರುದಾರರ ಹಕ್ಕುಗಳ ಪಾಠ ನಮಗೆ ಬಾಯಿಪಾಠ ಮಾಡುವ ಐದು ಅಂಶ. ಮ್ಯೂನಿಕ್‌ನಲ್ಲಿ ಅದು ಸಾವಿರಾರು ಕಾರ್ಮಿಕರ ಕೆಲಸವಾಗಿತ್ತು.

ಮಿಕೆಲೊಟ್ಟಿಯ ಬದುಕಿನಲ್ಲಿ ಈ ಕೊಟ್ಟು ತಗೊಳ್ಳುವ ವ್ಯವಹಾರ ಇನ್ನೊಮ್ಮೆ ನಡೆಯಿತು. 1963ರಲ್ಲಿ ಅವರು ಟ್ರಯಂಫ್ 2000 ಎಂಬ ದೊಡ್ಡ ಕುಟುಂಬದ ಕಾರನ್ನು ಬಿಡಿಸಿದ್ದರು. ಕೆಲವು ವರ್ಷ ಬಿಟ್ಟು, ಪ್ರದರ್ಶನಕ್ಕೆ ಒಂದು ತೆರೆದ ಕಾರು ಮಾಡುತ್ತೇನೆ, ಹಳೆಯದೊಂದು 2000 ಕೊಡಿ ಎಂದು ಕೇಳಿದರು. ವೆಬ್‌ಸ್ಟರ್ ಒಂದು ಷರತ್ತು ಹಾಕಿ ಕೊಟ್ಟರು: ನಮಗೆ ಹಿಡಿಸಿದರೆ ಅದು ನಮ್ಮದು. ಹಿಡಿಸಿತು. ಪ್ರದರ್ಶನಕ್ಕೆ ಹೋಗುವ ಬದಲು ಅದು ಕೊವೆಂಟ್ರಿಗೆ ಹೋಯಿತು, 1970ರಲ್ಲಿ ಟ್ರಯಂಫ್ ಸ್ಟ್ಯಾಗ್ ಆಯಿತು. ಅದಕ್ಕೂ ಮೊದಲೇ, 1969ರಲ್ಲಿ, ಸ್ಟ್ಯಾಗಿಗೆಂದು ಬಿಡಿಸಿದ ಮುಖವನ್ನು 2000 ಕಾರಿಗೆ ತೊಡಿಸಿ ಹೊಸ ಮಾದರಿ ಎಂದು ಮಾರಿದರು. ತಾಯಿಯ ಸೀರೆಯಲ್ಲಿ ಮಗಳಿಗೆ ಲಂಗ ಹೊಲಿಸಿ, ಅದೇ ಬಾರ್ಡರನ್ನು ತಾಯಿಯ ರವಿಕೆಗೆ ಇಟ್ಟಂತೆ. ಸ್ಟ್ಯಾಗಿನ ಎಂಟು ಸಿಲಿಂಡರಿನ ಎಂಜಿನ್ ಮಾತ್ರ ಬಿಸಿಯೇರಿ ಕೈಕೊಡುವುದಕ್ಕೆ ಹೆಸರಾಯಿತು. ಅಂದಕ್ಕೆ ಹೊಗಳಿಕೆ ಬಂತು, ಎಂಜಿನ್ನಿಗೆ ಬೈಗುಳ ಬಂತು.

ನಮ್ಮ ದೇಶದ ಭಾಗ ಇನ್ನೂ ಬಾಕಿ ಇದೆ. ತುಂಡು ತುಂಡಾಗಿ ಬೋಲ್ಟ್ ಹಾಕುವ ಕಾರನ್ನು ಪೆಟ್ಟಿಗೆಯಲ್ಲಿ ತುಂಬಿ ಹಡಗಿನಲ್ಲಿ ಕಳುಹಿಸಿ ಬೇರೆ ದೇಶದಲ್ಲಿ ಜೋಡಿಸುವುದು ಸುಲಭ. ಹಾಗೆ 1961ರಲ್ಲಿ ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ ವಂಡಲೂರು ಬಳಿಯ ಕಾರ್ಖಾನೆಯಲ್ಲಿ ಹೆರಾಲ್ಡ್ ತಯಾರಿಸಲು ಶುರುಮಾಡಿತು. ವರ್ಷ ಹೋದಂತೆ ಹೆಚ್ಚು ಹೆಚ್ಚು ಭಾಗಗಳು ಇಲ್ಲಿಯೇ ತಯಾರಾದವು. ಇಂಗ್ಲೆಂಡಿನಲ್ಲಿ ಹೆರಾಲ್ಡಿಗೆ ಕೊನೆಯವರೆಗೂ ಎರಡೇ ಬಾಗಿಲು. 1968ರಲ್ಲಿ ನಮ್ಮ ದೇಶಕ್ಕೆಂದೇ ನಾಲ್ಕು ಬಾಗಿಲಿನ ಹೆರಾಲ್ಡ್ ಮಾರ್ಕ್ 3 ಬಂತು. ಕಾರಣ ಊಹಿಸಲು ಕಷ್ಟವಿಲ್ಲ. ಇಲ್ಲಿ ಹಿಂದಿನ ಸೀಟಿನಲ್ಲಿ ಕುಳಿತುಕೊಳ್ಳುವವರು ಮನೆಯ ಹಿರಿಯರು. ಮುಂದಿನ ಸೀಟು ಮಡಚಿ ಅವರನ್ನು ಒಳಗೆ ತೂರಿಸುವುದು ಆಗುವ ಮಾತಲ್ಲ.

ಹಿರಿಯರು ಮತ್ತು ಹಿಂದಿನ ಬಾಗಿಲು ಎಂದಾಗ ನಮ್ಮ ಮನೆಯದ್ದನ್ನೂ ಹೇಳಬೇಕು. ನನ್ನ ಅಣ್ಣ ಸೌದಿಯ ಜುಬೈಲಿನಲ್ಲಿದ್ದಾನೆ. ಮೂರು ವರ್ಷದಿಂದ ಉಳಿಸಿದ ಹಣದಲ್ಲಿ ಮನೆಗೆ ಕಾರು ಬರಬೇಕೆಂದು ಅವನ ಆಸೆ. ಅಬ್ಬಾ ಆಟೋ ಓಡಿಸುತ್ತಾರೆ. ದಾದಿಗೆ ಮೊಣಕಾಲು ನೋವು, ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಬೇಕು, ಆಟೋದಲ್ಲಿ ಕುಲುಕಿ ಕುಲುಕಿ ಮನೆಗೆ ಬಂದ ಮೇಲೆ ಇಡೀ ದಿನ ಮಲಗುತ್ತಾರೆ. ಅಣ್ಣ ಫೋನಿನಲ್ಲಿ ಆರಿಸಿದ್ದು ಸ್ಪೋರ್ಟಿ ಎಂದು ಹೆಸರು ಹಾಕಿದ ಒಂದು ಮಾದರಿ. ಅದೇ ಕಂಪನಿಯ ಸಾದಾ ಕಾರಿಗಿಂತ 90 ಸಾವಿರ ಜಾಸ್ತಿ. ಎಂಜಿನ್ ಅದೇ, ಗೇರ್ ಅದೇ, ಬ್ರೇಕ್ ಅದೇ. ಬೇರೆ ಇರುವುದು ಹಿಂದಕ್ಕೆ ಇಳಿಜಾರಾದ ಟಾಪು, ಸ್ಪಾಯ್ಲರ್, ಸೀಟಿಗೆ ಕೆಂಪು ಹೊಲಿಗೆ, ಬಂಪರಿನಲ್ಲಿ ಗಾಳಿ ಹೋಗದ ಗಾಳಿಕಿಂಡಿ.

ನಾನು ಲೆಕ್ಕ ಹಾಕಿದೆ. ಉಳಿದ ಬೆಲೆಯ ಮೇಲೆ ವರ್ಷಕ್ಕೆ ಶೇ. 15 ಸವಕಳಿ ಹಿಡಿದರೆ ಆ 90 ಸಾವಿರ ಐದು ವರ್ಷದಲ್ಲಿ ಸುಮಾರು 40 ಸಾವಿರಕ್ಕೆ ಇಳಿಯುತ್ತದೆ. ಟಿಂಕರಿಂಗ್ ಕೆಲಸ ಮಾಡುವ ನನ್ನ ಮಾಮು ಅದಕ್ಕೂ ನಕ್ಕರು. ಹಳೆ ಕಾರು ಕೊಳ್ಳಲು ಬರುವವನು ಕಿಲೋಮೀಟರ್ ನೋಡುತ್ತಾನೆ, ಟಯರ್ ನೋಡುತ್ತಾನೆ, ಕೆಂಪು ಹೊಲಿಗೆಗೆ ಯಾರೂ ಬೆಲೆ ಕಟ್ಟುವುದಿಲ್ಲ ಎಂದರು. ಸ್ಪಾಯ್ಲರ್ ನಿಜವಾದ ರೇಸ್ ಕಾರಿನಲ್ಲಿ ಗಾಳಿಯನ್ನು ತಡೆದು ಹಿಂಭಾಗವನ್ನು ನೆಲಕ್ಕೆ ಒತ್ತಿಹಿಡಿಯುತ್ತದೆ. ಆದರೆ ಗಾಳಿಯ ಬಲ ವೇಗದ ವರ್ಗದಂತೆ ಏರುತ್ತದೆ. 160ರ ವೇಗದಲ್ಲಿ ಇರುವ ಬಲ 40ರ ವೇಗದಲ್ಲಿ ಹದಿನಾರನೇ ಒಂದು ಪಾಲು. ಕಾಟಿಪಳ್ಳದಿಂದ ಸುರತ್ಕಲ್ಲಿಗೆ ಹೋಗುವ ರಸ್ತೆಯಲ್ಲಿ 40 ಸಿಕ್ಕಿದರೆ ಪುಣ್ಯ.

ಕೊನೆಗೆ ಲೆಕ್ಕ ಕೆಲಸಕ್ಕೆ ಬರಲಿಲ್ಲ, ದಾದಿಯೇ ತೀರ್ಮಾನ ಮಾಡಿದರು. ಶೋರೂಮಿನಲ್ಲಿ ಸ್ಪೋರ್ಟಿ ಕಾರಿನ ಹಿಂದಿನ ಬಾಗಿಲು ತೆಗೆದು ಒಳಗೆ ಹೋಗಲು ನೋಡಿದಾಗ ಇಳಿಜಾರು ಟಾಪು ಅವರ ಹಣೆಗೆ ತಾಗಿತು. ಬುರ್ಖಾ ಸರಿಮಾಡಿಕೊಂಡು ಪಕ್ಕದ ಸಾದಾ ಬಿಳಿ ಕಾರಿನಲ್ಲಿ ಹೋಗಿ ಕುಳಿತರು, ಮತ್ತೆ ಇಳಿಯಲಿಲ್ಲ. ಅಣ್ಣನಿಗೆ ಬೇಸರವಾಗಿದೆ. ಅವನು ಮನೆಯಿಂದ ದೂರವಿದ್ದು ದುಡಿದ ದುಡ್ಡು, ಆಸೆಯೂ ತಪ್ಪಲ್ಲ. ರಜೆಯಲ್ಲಿ ಬಂದಾಗ ಒಂದು ಸ್ಪಾಯ್ಲರ್ ಹಾಕಿಸಿಕೊಡುವುದಾಗಿ ಮಾಮು ಮಾತು ಕೊಟ್ಟಿದ್ದಾರೆ.

ಮದರಾಸಿಗೆ ಮರಳೋಣ. 1970ರ ದಶಕದ ಆರಂಭದಲ್ಲಿ ಹೆರಾಲ್ಡಿಗೆ ಹೊಸ ಮುಖ, ಹೊಸ ಹಿಂಭಾಗ ಬಂತು. ಆಗಿನ ಟ್ರಯಂಫ್ ಕಾರುಗಳಿಗೆ ಮಿಕೆಲೊಟ್ಟಿ ಕೊಟ್ಟಿದ್ದ ನೇರ ಗೆರೆಗಳನ್ನು ಇನ್ನಷ್ಟು ಸರಳ ಮಾಡಿದಂಥ ರೂಪ. ತೊಂದರೆ ಕೊಡುತ್ತಿದ್ದ ಸ್ವಿಂಗ್ ಆ್ಯಕ್ಸಲ್ ತೆಗೆದು ಗಟ್ಟಿ ಆ್ಯಕ್ಸಲ್ ಹಾಕಿದರು. ಹೆಸರು ಸ್ಟ್ಯಾಂಡರ್ಡ್ ಗೆಝೆಲ್. ನಮ್ಮ ಮನೆಯಲ್ಲಿ ಉರ್ದು ಮಾತನಾಡುವುದರಿಂದ ಈ ಹೆಸರು ಹೇಳಿದಾಗ ಅಬ್ಬಾ ಗಝಲ್ ಎಂದುಕೊಂಡರು. ಅದು ಹಾಡುವ ಗಝಲ್ ಅಲ್ಲ, ಜಿಂಕೆ. ಅರಬಿ, ಉರ್ದುವಿನ ಗಝಾಲ್ ಎಂಬ ಪದವೇ ಇಂಗ್ಲಿಷಿಗೆ ಹೋಗಿ ಗೆಝೆಲ್ ಆದದ್ದು. ಜಿಂಕೆ ಹೆಚ್ಚು ದೂರ ಓಡಲಿಲ್ಲ. ಅಂಬಾಸಿಡರ್, ಫಿಯಟ್ ಎದುರು ನಿಲ್ಲಲಾಗದೆ 1977ರ ಹೊತ್ತಿಗೆ ನಿಂತುಹೋಯಿತು.

ಅದೇ ಕಾರ್ಖಾನೆ 1985ರಲ್ಲಿ ಇನ್ನೊಂದು ಪ್ರಯತ್ನ ಮಾಡಿತು, ಸ್ಟ್ಯಾಂಡರ್ಡ್ 2000. ಮೈ ಇಂಗ್ಲೆಂಡಿನ ರೋವರ್ ಕಾರಿನದು. ರೋವರ್‌ನ ವಿನ್ಯಾಸಕಾರ ಡೇವಿಡ್ ಬಾಷ್ ಅದರ ಮುಖಕ್ಕೆ ಫೆರಾರಿ ಡೇಟೋನಾದಿಂದ ಸ್ಫೂರ್ತಿ ಪಡೆದಿದ್ದರು. ಇಂಗ್ಲೆಂಡಿನಲ್ಲಿ ಆ ಮೈಯೊಳಗೆ ಎಂಟು ಸಿಲಿಂಡರಿನ ಎಂಜಿನ್ನೂ ಸಿಗುತ್ತಿತ್ತು. ಇಲ್ಲಿ ಹಾಕಿದ್ದು 1940ರ ದಶಕದ ವ್ಯಾನ್‌ಗಾರ್ಡ್ ಕಾರಿನ ವಂಶದ ಎರಡು ಲೀಟರ್ ಎಂಜಿನ್. ಬೆಲೆ ಮಾತ್ರ ದೊಡ್ಡದು. ಫೆರಾರಿಯ ಮುಖ ನೋಡಿ ಹತ್ತಿದವರಿಗೆ ಅಜ್ಜನ ಕಾಲದ ಎಂಜಿನ್ನಿನ ಏದುಸಿರು ಕೇಳಿತು. 1988ರಲ್ಲಿ ಉತ್ಪಾದನೆ ನಿಂತಿತು, ಕಾರ್ಖಾನೆಯೂ ಉಳಿಯಲಿಲ್ಲ. ಒಂದು ಕಡೆ ಚಂದದ ಸಣ್ಣ ಕಾರು ಕಂಪನಿಯನ್ನು ಉಳಿಸಿತು, ಇನ್ನೊಂದು ಕಡೆ ಚಂದದ ದೊಡ್ಡ ಕಾರು ಉಳಿಸಲಿಲ್ಲ.

ಮಿಕೆಲೊಟ್ಟಿಯ ಉಳಿದ ಕೆಲಸಗಳನ್ನು ಬರೆಯಲು ಹೊರಟರೆ ಸಂಪಾದಕರು ಬೈಯುತ್ತಾರೆ. ಫ್ರಾನ್ಸಿನಲ್ಲಿ ರೆನೊ ಕಂಪನಿಯ ಮನೆಮಂದಿಯ ಕಾರುಗಳ ಎಂಜಿನ್ ಬಳಸಿ ಅಲ್ಪೀನ್ ಎಂಬ ಸಣ್ಣ ಸ್ಪೋರ್ಟ್ಸ್ ಕಾರುಗಳು ತಯಾರಾಗುತ್ತಿದ್ದವು; ಅವುಗಳಿಗೂ ಇವರು ಬಿಡಿಸಿದ್ದರು. ಆ ಸಾಲಿನಿಂದ ಬಂದ ಎ110 ಕಾರು 1973ರಲ್ಲಿ ಮೊದಲ ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್ ಗೆದ್ದಿತು. ಜಪಾನಿನ ಕಂಪನಿಗಳು ಇಟಲಿಯ ಬಾಗಿಲು ತಟ್ಟಲು ಶುರುಮಾಡಿದಾಗ ಮೊದಮೊದಲು ಹೋದದ್ದು ಇವರ ಬಳಿಗೇ: ಸುಮಾರು 60 ಮಾತ್ರ ತಯಾರಾದ ಪ್ರಿನ್ಸ್ ಸ್ಕೈಲೈನ್ ಸ್ಪೋರ್ಟ್, ಆಮೇಲೆ ಹಿನೊ ಕಂಪನಿಯ ಕಾಂಟೆಸ್ಸಾ 1300. ನಮ್ಮ ಹಿಂದೂಸ್ತಾನ್ ಕಾಂಟೆಸ್ಸಾಗೂ ಅದಕ್ಕೂ ಹೆಸರು ಬಿಟ್ಟರೆ ಸಂಬಂಧವಿಲ್ಲ.

1980ರ ಜನವರಿ 23ರಂದು ಮಿಕೆಲೊಟ್ಟಿ ಕ್ಯಾನ್ಸರಿನಿಂದ ತೀರಿಕೊಂಡರು. ವಯಸ್ಸು 58. ಅದೇ ವರ್ಷ ಸ್ಪಿಟ್‌ಫೈರ್ ಉತ್ಪಾದನೆಯೂ ನಿಂತಿತು. ಕೊನೆಯ ದಿನಗಳಲ್ಲಿ ಯಾರೋ ಅವರನ್ನು, ಕಾರು ಬಿಟ್ಟು ಬೇರೆ ಏನನ್ನಾದರೂ ಬಿಡಿಸಿದ್ದೀರಾ ಎಂದು ಕೇಳಿದರಂತೆ. ತಾನು ಬಿಡಿಸಿದ್ದಕ್ಕೆಲ್ಲ ಚಕ್ರಗಳಿದ್ದವು, ಒಂದೇ ಒಂದು ಕಾಫಿ ಯಂತ್ರಕ್ಕೆ ಮಾತ್ರ ಇರಲಿಲ್ಲ ಎಂದು ಅವರು ಹೇಳಿದರಂತೆ.